ಮನೆಯ ಕಾರ್ ಶೆಡ್ಡಿನಲ್ಲಿ ಮರಗೆಲಸ: ಯಂತ್ರಕ್ಕಿಂತ ಮೊದಲು ಜಾಗ

(ಸ್ವಉದ್ಯೋಗ ತರಬೇತಿಯ ಸಮಾರೋಪದಲ್ಲಿ ಮಾಡಿದ ಭಾಷಣ)



ಮರಗೆಲಸದ ತರಬೇತಿ ಮುಗಿಸಿದ ನಿಮಗೆಲ್ಲ ಅಭಿನಂದನೆಗಳು. ಇನ್ನು ಮುಂದೇನು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಮನೆಯಲ್ಲೇ ಕಾರ್ ಶೆಡ್ ಇದೆ, ಅಲ್ಲೇ ಶುರು ಮಾಡ್ತೇವೆ." ಒಳ್ಳೆಯ ಯೋಚನೆ. ಬಾಡಿಗೆ ಕೊಡಬೇಕಾಗಿಲ್ಲ, ಬಸ್ಸಿನ ಖರ್ಚಿಲ್ಲ, ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ತಾಯಂದಿರಿಗಂತೂ ಇದೇ ಅನುಕೂಲ.

ಆದರೆ ಒಂದು ವಿಷಯ ನಾವು ನೆನಪಿಡಬೇಕು. ಪೇಟೆಯ ವರ್ಕ್‌ಶಾಪಿನಲ್ಲಿ ಎದ್ದ ಧೂಳು ಹೆಚ್ಚಾಗಿ ಅಲ್ಲೇ ಉಳಿಯುತ್ತದೆ. ಮನೆಗೆ ತಾಗಿದ ಶೆಡ್ಡಿನಲ್ಲಿ ಎದ್ದ ಧೂಳು ಅಡುಗೆಮನೆಗೂ ಹೋಗುತ್ತದೆ, ಮಗು ಮಲಗುವ ಕೋಣೆಗೂ ಹೋಗುತ್ತದೆ. ವಯರಿನ ತೊಂದರೆ, ಬೆಂಕಿಯ ಭಯ ಎಲ್ಲವೂ ಹಾಗೆಯೇ. ಆದ್ದರಿಂದ ಇಂದು ನಾವು ನಿಮಗೆ ಹೇಳಬೇಕೆಂದಿರುವುದು ಇಷ್ಟೇ: ಕೈಯಲ್ಲಿರುವ ಹಣವನ್ನು ಮೊದಲು ಯಂತ್ರಕ್ಕೆ ಹಾಕಬೇಡಿ. ಮೊದಲು ಜಾಗಕ್ಕೆ ಹಾಕಿ.

ಜಾಗ ಮತ್ತು ಬೆಳಕು

ಒಂದು ಕಾರು ನಿಲ್ಲುವ ಶೆಡ್ ಎಂದರೆ ಸುಮಾರು 10 ಅಡಿ ಅಗಲ, 18 ಅಡಿ ಉದ್ದ ಎಂದು ಇಟ್ಟುಕೊಳ್ಳಿ. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. 8 ಅಡಿಯ ಹಲಗೆಯನ್ನು ಟೇಬಲ್ ಗರಗಸದಲ್ಲಿ ಸೀಳಲು ಯಂತ್ರದ ಮುಂದೆ 8 ಅಡಿ, ಹಿಂದೆ 8 ಅಡಿ ಖಾಲಿ ಇರಬೇಕು. ಅಂದರೆ ಇಡೀ ಶೆಡ್ಡಿನ ಉದ್ದ ಅದಕ್ಕೇ ಮುಗಿಯಿತು! ಹಾಗಾಗಿ ಗರಗಸವನ್ನು ಮೂಲೆಗೆ ತಳ್ಳದೆ, ಬಾಗಿಲ ನೇರಕ್ಕೆ ಇಡಿ. ಬಾಗಿಲು ತೆರೆದರೆ ಹಲಗೆ ಅಂಗಳದ ಕಡೆಗೆ ಚಾಚಲಿ.

ಕೆಲಸದ ಮೇಜನ್ನು ಕಿಟಕಿಯ ಕೆಳಗಿಡಿ. ನಮ್ಮ ಹಿರಿಯ ಬಡಗಿಗಳು ನೆಲದ ಮೇಲೆ ಕುಳಿತು, ಕಾಲಿನಿಂದ ಮರವನ್ನು ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದರು. ದಿನವಿಡೀ ಮಾಡುವವರ ಸೊಂಟಕ್ಕೆ ನಿಂತು ಮಾಡುವ ಮೇಜೇ ಒಳ್ಳೆಯದು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ, ಸುಮಾರು ಅದೇ ಮೇಜಿನ ಎತ್ತರ. ಮರವನ್ನು ಮಾತ್ರ ನೆಲಕ್ಕೆ ತಾಗಿಸಿ ಪೇರಿಸಬೇಡಿ. ತೇವ ಏರುತ್ತದೆ, ಗೆದ್ದಲು ಹಿಡಿಯುತ್ತದೆ. ಪಟ್ಟಿ ಇಟ್ಟು ಮೇಲೆತ್ತಿ, ಹಲಗೆಗಳ ನಡುವೆ ಗಾಳಿಯಾಡಲು ಬಿಡಿ.

ಕರೆಂಟು

ಅಡುಗೆಮನೆಯ ಪ್ಲಗ್ಗಿನಿಂದ ವಯರ್ ಎಳೆದು ಯಂತ್ರ ಓಡಿಸುವ ಅಭ್ಯಾಸ ಬೇಡವೇ ಬೇಡ. ಲೆಕ್ಕ ನೋಡಿ: 1,400 ವ್ಯಾಟಿನ ಕೈ ಗರಗಸ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ಸಣ್ಣ ಪ್ಲಗ್ಗಿನ ಮಿತಿಯೇ 6 ಆಂಪಿಯರ್. ಸ್ವಿಚ್ ಹಾಕಿದ ಕ್ಷಣ ಮೋಟಾರು ಇನ್ನೂ ಹೆಚ್ಚು ಎಳೆಯುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದಲೇ 16 ಆಂಪಿಯರ್ ಪ್ಲಗ್ಗಿಗೆ ಬೇರೆ ಲೈನ್, ಅದಕ್ಕೆ ಎಂಸಿಬಿ, ಸರಿಯಾದ ಅರ್ತಿಂಗ್, ಜೊತೆಗೆ ಶಾಕ್ ಹೊಡೆದಾಗ ಕರೆಂಟು ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ಇನ್ನೊಂದು ಮಾತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಮನೆಬಳಕೆಗೆ ಮಾತ್ರ. ಮಾರಾಟಕ್ಕೆ ಮಾಡುವ ಕೆಲಸಕ್ಕೆ ಯಾವ ಸಂಪರ್ಕ ಬೇಕು ಎಂದು ವಿದ್ಯುತ್ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.

ಧೂಳು

"ಮರದ ಧೂಳಲ್ವಾ, ಏನಾಗ್ತದೆ?" ಅಂತ ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗಕ್ಕೆ ಅಪಾಯ. ಉಬ್ಬಸ, ಚರ್ಮದ ತುರಿಕೆ ಬೇರೆ. ಎಂಡಿಎಫ್ ಹಲಗೆಯಲ್ಲಿ ಮರದ ಜೊತೆಗೆ ಫಾರ್ಮಾಲ್ಡಿಹೈಡ್ ಇರುವ ಅಂಟೂ ಇರುತ್ತದೆ.

ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಅಪಾಯ ಇರುವುದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ನುಣುಪು ಧೂಳಿನಲ್ಲಿ. ಹಾಗಾಗಿ:

- ಮನೆಯೊಳಗೆ ಹೋಗುವ ಬಾಗಿಲಿನ ಸಂದುಗಳನ್ನು ಮುಚ್ಚಿ, ಕೆಲಸದ ಹೊತ್ತು ಅದನ್ನು ಹಾಕಿಯೇ ಇಡಿ.
- ಎಕ್ಸಾಸ್ಟ್ ಫ್ಯಾನ್ ಮನೆಯ ಕಿಟಕಿಗಳಿಲ್ಲದ ಕಡೆಗೆ ಗಾಳಿ ಬಿಡಲಿ. ನೆರೆಯವರ ಮನೆಯ ಕಡೆಗೂ ಬೇಡ.
- ಉಜ್ಜುವ ಕೆಲಸ ಆದಷ್ಟು ಅಂಗಳದಲ್ಲಿ ಮಾಡಿ.
- ಒಣ ಪೊರಕೆಯಿಂದ ಗುಡಿಸಬೇಡಿ. ವ್ಯಾಕ್ಯೂಮ್ ಇದ್ದರೆ ಉತ್ತಮ, ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ.
- ಕರವಸ್ತ್ರ ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ಹಾಕಿ.
- ಬಟ್ಟೆ ಬದಲಾಯಿಸಿ, ಕೈಕಾಲು ತೊಳೆದ ನಂತರವೇ ಮಗುವನ್ನು ಎತ್ತಿಕೊಳ್ಳಿ.

ಹತ್ಯಾರು ಮತ್ತು ಬೆಂಕಿ

ಇಷ್ಟಾದ ಮೇಲೆ ಹತ್ಯಾರು. ಒಂದು ಕೀಸುಳಿ, ಮೂರು ಅಳತೆಯ ಉಳಿ, ಕೊಡತಿ, ಗರಗಸ, ಮೂಲೆಮಟ್ಟ, ನಾಲ್ಕು ಕ್ಲ್ಯಾಂಪು, ಸಾಣೆಕಲ್ಲು, ಒಂದು ಡ್ರಿಲ್. ಸ್ಟೂಲು, ಮಣೆ, ಕಪಾಟು ಮಾಡಲು ಇಷ್ಟು ಸಾಕಾಗ್ತದೆ. ಟೇಬಲ್ ಗರಗಸ ಕೊನೆಗೆ ಬರಲಿ. ಬಂದಾಗ ಅದರ ರಕ್ಷಾ ಕವಚವನ್ನು ಕಳಚಬೇಡಿ. ಸಣ್ಣ ತುಂಡನ್ನು ಬೆರಳಿನಿಂದ ತಳ್ಳಬೇಡಿ, ಕೋಲಿನಿಂದ ತಳ್ಳಿ. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಕೂಡದು, ಅದು ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ. ಸೆರಗು, ದುಪಟ್ಟಾ, ಬಿಚ್ಚಿದ ಕೂದಲಿಗೂ ಇದೇ ಮಾತು. ಕೆಲಸ ಮುಗಿದ ಮೇಲೆ ಮೈನ್ ಸ್ವಿಚ್ ತೆಗೆದು ಬೀಗ ಹಾಕಿ. ಸಂಜೆ ಶಾಲೆಯಿಂದ ಬರುವ ಮಕ್ಕಳಿಗೆ ಶೆಡ್ ಆಟದ ಜಾಗವಾಗಬಾರದು.

ಪಾಲಿಷ್ ಮಾಡುವಾಗ ಎಚ್ಚರ. ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಬೆಂಕಿ ತಾಗಿಸದೆಯೇ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಅದನ್ನು ಹರಡಿ ಹೊರಗೆ ಒಣಗಿಸಿ. ಥಿನ್ನರ್ ಡಬ್ಬವನ್ನು ಗ್ಯಾಸ್ ಒಲೆಯ ಗೋಡೆಯಿಂದ ದೂರ ಇಡಿ.

ಮರ ಮತ್ತು ಸಾಲ

ಕಡಿಮೆ ಬೆಲೆಗೆ ಸಿಗುತ್ತದೆಂದು ಬಿಲ್ಲಿಲ್ಲದ ಮರ ತರಬೇಡಿ. ಸ್ವಂತ ಜಮೀನಿನ ತೇಗ, ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ರಬ್ಬರ್ ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಇದೆ. ಕಲಿಯುವವರಿಗೆ ಈ ಮರಗಳೇ ಸಾಕು. ರಬ್ಬರ್ ಮರವನ್ನು ಮಾತ್ರ ಔಷಧಿ ಹಾಕಿ ಸಂಸ್ಕರಿಸಿದ್ದನ್ನೇ ತೆಗೆದುಕೊಳ್ಳಿ, ಇಲ್ಲವಾದರೆ ಹುಳ ಬೀಳುತ್ತದೆ.

ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಹತ್ಯಾರಿಗೆ ರೂ. 15,000ದ ವರೆಗೆ ನೆರವು, ಮೊದಲ ಹಂತದಲ್ಲಿ ರೂ. 1 ಲಕ್ಷದ ವರೆಗೆ ಶೇಕಡಾ 5ರ ಬಡ್ಡಿಯಲ್ಲಿ 18 ತಿಂಗಳ ಸಾಲ ಅದರಲ್ಲಿದೆ. ಈಗ ನೋಂದಣಿ ಇದೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಬಡ್ಡಿ ಕಡಿಮೆ ಎಂದು ಪೂರ್ತಿ ಸಾಲ ಎತ್ತಬೇಡಿ. ಒಂದು ಲಕ್ಷ ತೆಗೆದರೆ ತಿಂಗಳಿಗೆ ಸುಮಾರು ರೂ. 5,800 ಕಂತು ಕಟ್ಟಬೇಕು. ಅದಕ್ಕೆ ಎಷ್ಟು ಸ್ಟೂಲು ಮಾರಬೇಕು? ಕೊಳ್ಳುವವರು ಯಾರು? ಸಂಘದ ಸಭೆಯಲ್ಲಿ ಕುಳಿತು ಲೆಕ್ಕ ಹಾಕಿ. ಆರ್ಡರು ಬಂದ ಮೇಲೆ ಯಂತ್ರ ತಂದರೆ ತಡವಾಗುವುದಿಲ್ಲ.

ಪ್ರಿಯರೇ, ನಾವು ದುಡಿಯುವುದು ಮನೆಯವರಿಗಾಗಿ. ಆ ದುಡಿಮೆಯೇ ಅವರ ಉಸಿರಿಗೆ ತೊಂದರೆ ಕೊಡಬಾರದು. ನಾಳೆ ಮನೆಗೆ ಹೋದ ಕೂಡಲೇ ಯಂತ್ರದ ಅಂಗಡಿಗೆ ಓಡಬೇಡಿ. ಒಂದು ಅಳತೆಪಟ್ಟಿ ಹಿಡಿದು ನಿಮ್ಮ ಶೆಡ್ಡನ್ನು ಅಳೆಯಿರಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಮಗು ಎಲ್ಲಿ ಮಲಗುತ್ತದೆ ಎಂದು ನೋಡಿ. ಮುಂದಿನ ತಿಂಗಳ ಸಭೆಗೆ ಬರುವಾಗ ಆ ನಕ್ಷೆಯನ್ನು ತನ್ನಿ, ಒಟ್ಟಿಗೆ ಕುಳಿತು ನೋಡೋಣ.