ಅಂತರ್ಜಾಲದ ಗಣಿತವೂ ನಮ್ಮ ಕರಿಹಲಗೆಯೂ

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಗಣಿತಾಧ್ಯಾಪಕರ ಪರವಾಗಿ ಮಾಡಿದ ಭಾಷಣದ ಬರಹರೂಪ)



ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜನ್ಮತಾಳಿದ ಈ ಶಾಲೆಯು 1956ರ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿತು. ಆಡಳಿತದ ಭಾಷೆ ಬದಲಾಯಿತು. ಕರಿಹಲಗೆಯ ಭಾಷೆ ಬದಲಾಗಲಿಲ್ಲ. ಇಂದು ಆ ಕರಿಹಲಗೆಯ ಪಕ್ಕದಲ್ಲಿ ಪರದೆಯೊಂದು ಬಂದು ನಿಂತಿದೆ. ಅದರ ಮೇಲೆ ಕನ್ನಡದ ಗಣಿತ ಎಷ್ಟಿದೆ, ಅದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದೇ ನಮ್ಮ ಇಂದಿನ ವಿಷಯ.

"ಮನೆಯಲ್ಲಿ ಮೊಬೈಲು ನೋಡಿ ಲೆಕ್ಕ ಕಲಿಯಲು ಕನ್ನಡದಲ್ಲಿ ಏನಿದೆ ಮಾಷ್ಟ್ರೇ?" ಎಂದು ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಮ್ಮನ್ನು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುವರ್ಷ ಜೂನ್ ತಿಂಗಳಲ್ಲಿ ಆ ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಆ ದಿನದಿಂದ ನಾವು ಹುಡುಕಲು ತೊಡಗಿದೆವು.

ಇಂಗ್ಲಿಷಿನಲ್ಲಿ ಇರುವಷ್ಟು ಸಾಮಗ್ರಿ ಕನ್ನಡದಲ್ಲಿಲ್ಲವೆಂಬುದು ನಿಜ. ಆದರೆ ಇರುವುದು ಅಲ್ಪವೂ ಅಲ್ಲ. ಕೇರಳದ 'ಸಮಗ್ರ' ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳಿವೆ. 2020ರ ಜೂನ್‌ನಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯು ಆರಂಭಿಸಿದ 'ಫಸ್ಟ್ ಬೆಲ್' ಸರಣಿಯಲ್ಲಿ ಕನ್ನಡ ಪಾಠಗಳೂ ಬಂದವು. ಗಡಿಯಾಚೆಯ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು, 'ದೀಕ್ಷಾ' ವೇದಿಕೆ, ಖಾನ್ ಅಕಾಡೆಮಿಯ ಕನ್ನಡ ವಿಭಾಗ, ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ಇವೆಲ್ಲ ಶುಲ್ಕವಿಲ್ಲದೆ ದೊರೆಯುತ್ತವೆ.

ದೊರೆತದ್ದೆಲ್ಲ ಪಾಠವಾಗುವುದಿಲ್ಲವೆಂಬುದನ್ನು ನಮಗೆ ಒಬ್ಬಳು ವಿದ್ಯಾರ್ಥಿನಿ ಕಲಿಸಿದಳು. ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹುವಿಗೆ ಅವಳು 'ಕರ್ಣ' ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ ತಪ್ಪೆಂದು ಗುರುತಿಸಿದೆವು. ವಿಚಾರಿಸಿದಾಗ ತಿಳಿಯಿತು: ಅವಳು ಮಲಯಾಳದ ಪಾಠವೊಂದನ್ನು ನೋಡಿದ್ದಳು. ಆ ಬಾಹುವನ್ನು ಕನ್ನಡದಲ್ಲಿ ವಿಕರ್ಣವೆನ್ನುತ್ತೇವೆ. ಚತುರ್ಭುಜದ ಎದುರು ಶೃಂಗಗಳನ್ನು ಸೇರಿಸುವ ರೇಖೆ ನಮಗೆ ಕರ್ಣ. ಮಲಯಾಳದಲ್ಲಿ ಇವೆರಡೂ ಅದಲುಬದಲು. ಅವಳ ಗಣಿತ ಸರಿಯಾಗಿಯೇ ಇತ್ತು. ಎರಡು ಭಾಷೆಗಳ ನಡುವೆ ಅವಳನ್ನು ಒಂಟಿಯಾಗಿ ಬಿಟ್ಟವರು ನಾವು. ಅಂದಿನಿಂದ ತರಗತಿಯ ಗೋಡೆಯ ಮೇಲೆ ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಸಾಲುಗಳ ಪದಪಟ್ಟಿಯನ್ನು ತೂಗುಹಾಕಿದ್ದೇವೆ.

ಈ ಅನುಭವದಿಂದ ಮೂರು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಮೊದಲನೆಯದು, ಮಕ್ಕಳಿಗೆ ತೋರಿಸುವ ಮುನ್ನ ಪಾಠವನ್ನು ಅಧ್ಯಾಪಕರು ಆದ್ಯಂತ ನೋಡಿ, ಅದರ ಲೆಕ್ಕಗಳನ್ನು ತಾವೇ ಮಾಡಿರಬೇಕು. ಎರಡನೆಯದು, ಅದರ ಪದಗಳೂ ಕ್ರಮವೂ ನಮ್ಮ ಪಠ್ಯಪುಸ್ತಕಕ್ಕೆ ಹೊಂದುವುವೇ ಎಂದು ಪರಿಶೀಲಿಸಬೇಕು. ಮೂರನೆಯದು, ಅದು ಮಗುವಿನ ಕೈಗೆ ಕೆಲಸ ಕೊಡಬೇಕು. ಸುಮ್ಮನೆ ನೋಡುವುದರಿಂದ ಲೆಕ್ಕ ಬರುವುದಿಲ್ಲ.

ಕೈಗೆ ಕೆಲಸ ಕೊಡುವ ಸಾಧನಗಳಲ್ಲಿ ಜಿಯೋಜಿಬ್ರಾ ಮುಖ್ಯವಾದುದು. ಇದನ್ನು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ರೂಪಿಸತೊಡಗಿದರು. ಒಂದು ವೃತ್ತ, ಅದರ ವ್ಯಾಸ, ಪರಿಧಿಯ ಮೇಲೊಂದು ಬಿಂದು. ಬಿಂದುವನ್ನು ವ್ಯಾಸದ ಎರಡು ತುದಿಗಳಿಗೆ ಸೇರಿಸಿ, ಅಲ್ಲಿನ ಕೋನವನ್ನು ಅಳೆಯಬೇಕು. ಬಿಂದುವನ್ನು ಪರಿಧಿಯುದ್ದಕ್ಕೂ ಎಳೆದಂತೆ ತ್ರಿಭುಜದ ಆಕಾರ ಬದಲಾಗುತ್ತದೆ. ಕೋನ ಮಾತ್ರ 90 ಡಿಗ್ರಿಯಲ್ಲೇ ನಿಲ್ಲುತ್ತದೆ. ಮಕ್ಕಳು ಬೆರಗಾಗುತ್ತಾರೆ. ಆಗ ಪರದೆಯನ್ನು ಆರಿಸಿ ಕರಿಹಲಗೆಗೆ ಬರುತ್ತೇವೆ: "ಏಕೆ?"

ಕೇಂದ್ರದಿಂದ ಆ ಬಿಂದುವಿಗೆ ತ್ರಿಜ್ಯವನ್ನೆಳೆದರೆ ಎರಡು ಸಮದ್ವಿಬಾಹು ತ್ರಿಭುಜಗಳು ದೊರೆಯುತ್ತವೆ. ವ್ಯಾಸದ ತುದಿಗಳಲ್ಲಿನ ಎರಡು ಕೋನಗಳ ಮೊತ್ತವೇ ಪರಿಧಿಯ ಮೇಲಿನ ಕೋನ. ಮೂರೂ ಸೇರಿ 180. ಆದುದರಿಂದ ಅದು 90. ಪರದೆಯು ಸತ್ಯವನ್ನು ಕಾಣಿಸಿತು; ಅದಕ್ಕೆ ಕಾರಣವನ್ನು ಕೊಟ್ಟದ್ದು ಸುಣ್ಣದ ಕಡ್ಡಿ. ಮನೆ ಕಟ್ಟುವ ಮೇಸ್ತ್ರಿ 3, 4, 5ರ ಅಳತೆಯ ಹಗ್ಗದಿಂದ ಮೂಲೆ ಹಿಡಿಯುವುದನ್ನು ಮರುದಿನ ನೋಡಿಬರಲು ಹೇಳಿದರೆ ಪಾಠ ಪೂರ್ಣವಾಗುತ್ತದೆ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಮಗುವಿನ ಕೈಗೆ ಮೊಬೈಲು ಕೊಡುವಾಗ ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಕೊಡಿರಿ. ದಿನಕ್ಕೆ ಒಂದೇ ಪಾಠ ಸಾಕು. ಅದು ಮುಗಿದ ಮೇಲೆ "ಏನು ನೋಡಿದೆ, ನನಗೆ ಹೇಳಿಕೊಡು" ಎಂದು ಕೇಳಿರಿ. ನಿಮಗೆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ಹೇಳಿಕೊಡುವವನಿಗೆ ಅದು ಬರುತ್ತದೆ.

ದೂರದ ಊರುಗಳಲ್ಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಟ್ಟಿದ್ದೀರಿ, ನಾವು ಕೃತಜ್ಞರು. ಇನ್ನು ನಿಮ್ಮ ಧ್ವನಿಯನ್ನು ಕೊಡಿರಿ. ನಮ್ಮ ಪಠ್ಯದ ಒಂದೊಂದು ಅಧ್ಯಾಯವನ್ನು ಐದು ನಿಮಿಷಗಳ ಕನ್ನಡದಲ್ಲಿ ವಿವರಿಸಿ ಕಳುಹಿಸಿರಿ.

ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದನು. ಗಣಿತಕ್ಕೆ ಕನ್ನಡ ಹೊಸದಲ್ಲ, ಪರದೆಯಷ್ಟೇ ಹೊಸದು. ಅಂದು ಆ ತಾಯಿಗೆ ಕೊಡಲಾಗದ ಉತ್ತರವನ್ನು ಇಂದು ಈ ಸಭೆಗೆ ಒಪ್ಪಿಸಿದ್ದೇವೆ. ಇನ್ನೊಂದು ಮಗು ಅದೇ ಕಾರಣಕ್ಕಾಗಿ ನಮ್ಮ ಹಾಜರಿ ಪುಸ್ತಕದಿಂದ ಮರೆಯಾಗದಿರಲಿ.