ಜನರೊಡನೆ ಮಾಡಿದ ಕಲೆ ಯಾರ ಸ್ವತ್ತು?



ಗಾಲ್ವೇ ನಗರದಲ್ಲಿ ಮಕ್ನಾಸ್ ತಂಡ ಹುಟ್ಟಿದ್ದು 1986ರಲ್ಲಿ. ದೈತ್ಯ ಬೊಂಬೆಗಳನ್ನು ಹೊತ್ತು, ಊರಿನ ಜನರನ್ನೇ ಕೂಡಿಸಿಕೊಂಡು, ಬೀದಿಯಲ್ಲಿ ಮೆರವಣಿಗೆ ಹೊರಡುವ ತಂಡ ಅದು. ಅದಕ್ಕೂ ಮೊದಲು, 1975ರಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಸಮುದಾಯ’ ಬೀದಿನಾಟಕಗಳೊಂದಿಗೆ ಊರೂರಿಗೆ ಜಾಥಾ ನಡೆಸಿತು. ಎರಡರ ಭಾಷೆ ಬೇರೆ, ರಾಜಕೀಯವೂ ಬೇರೆ. ಆದರೆ ಕಲಾಪ್ರತಿಷ್ಠಾನಗಳ ಮುಂದೆ ಎರಡೂ ಒಂದೇ ಪ್ರಶ್ನೆಯನ್ನಿಡುತ್ತವೆ: ಮೆರವಣಿಗೆ ಮುಗಿದ ಮೇಲೆ ಸಂಗ್ರಹಿಸುವುದು ಏನನ್ನು?

ಚಿತ್ರವೊಂದನ್ನು ಕೊಂಡು ಗೋಡೆಗೆ ತೂಗುಹಾಕಬಹುದು. ಜನರೊಡನೆ ಕೂಡಿ ಮಾಡಿದ ಕೃತಿಯ ಹೆಚ್ಚಿನ ಪಾಲು ಮಾತುಕತೆ, ಭಿನ್ನಾಭಿಪ್ರಾಯ, ನಂಬಿಕೆ ಗಳಿಸಲು ಹಿಡಿದ ತಿಂಗಳುಗಳು. ಆದ್ದರಿಂದ ಇಂಥ ಕಲೆಗೆ ಪ್ರತಿಷ್ಠಾನ ಮೊದಲು ಒದಗಿಸಬೇಕಾದದ್ದು ಕಾಲಾವಕಾಶ. ಐರ್ಲೆಂಡಿನ ಕಲಾಮಂಡಳಿಯ ಹಣದಿಂದ ‘ಕ್ರಿಯೇಟ್’ ಸಂಸ್ಥೆ ನಿರ್ವಹಿಸುವ ‘ಆರ್ಟಿಸ್ಟ್ ಇನ್ ದ ಕಮ್ಯುನಿಟಿ’ ಯೋಜನೆ ಇದನ್ನು ಬಲ್ಲದು. ಕೃತಿ ರೂಪುಗೊಳ್ಳುವ ಮುನ್ನ, ಕಲಾವಿದರೂ ಸಮುದಾಯವೂ ಒಬ್ಬರನ್ನೊಬ್ಬರು ಅರಿಯುವ ಸಂಶೋಧನೆಯ ಹಂತಕ್ಕೂ ಅದು ನೆರವು ನೀಡುತ್ತದೆ. 2022ರಲ್ಲಿ ಐರಿಷ್ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೋಗಳ ಮೂಲ ಆದಾಯವನ್ನು ಪ್ರಾಯೋಗಿಕವಾಗಿ ಆರಂಭಿಸಿತು.

ಇಷ್ಟಾದರೂ ಒಂದು ಅಸಮಾನತೆ ಉಳಿಯುತ್ತದೆ. ಕಲಾವಿದನ ದಿನಕ್ಕೆ ಸಂಭಾವನೆಯಿದೆ. ತನ್ನ ಬದುಕಿನ ಕಥೆಯನ್ನು ಅವನಿಗೆ ಒಪ್ಪಿಸಿದ ವಲಸೆ ಕಾರ್ಮಿಕಳ ದಿನಕ್ಕೆ ಏನಿದೆ? ಕೃತಿ ಸಂಗ್ರಹಾಲಯ ಸೇರಿದಾಗ ಫಲಕದ ಮೇಲೆ ಯಾರ ಹೆಸರಿರುತ್ತದೆ?

ಪರರ ಬದುಕನ್ನು ದಾಖಲಿಸುವವರ ಹೊಣೆ ಎಷ್ಟು ದೊಡ್ಡದೆಂಬುದನ್ನು ಗಾಲ್ವೇ ಜಿಲ್ಲೆಯ ಟ್ಯೂಅಮ್ ಕಲಿಸಿದೆ. ಅಲ್ಲಿನ ತಾಯಿ-ಮಗು ಗೃಹದಲ್ಲಿ ಸತ್ತ 796 ಮಕ್ಕಳ ದಾಖಲೆಗಳನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್‌ಲೆಸ್ ಹುಡುಕಿ ತೆಗೆದರು. ಬಳಿಕ ಇಂಥ ಗೃಹಗಳ ಬಗ್ಗೆ 2015ರಲ್ಲಿ ರಚನೆಯಾದ ತನಿಖಾ ಆಯೋಗದ ಮುಂದೆ ಸುಮಾರು 550 ಜನರು ಹೇಳಿಕೊಂಡ ಸಾಕ್ಷ್ಯದ ಧ್ವನಿಮುದ್ರಿಕೆಗಳನ್ನು ಅಳಿಸಲಾಗಿತ್ತೆಂಬುದು ಬೆಳಕಿಗೆ ಬಂದಾಗ ಬದುಕುಳಿದವರು ಪ್ರತಿಭಟಿಸಿದರು. 2021ರಲ್ಲಿ ಪ್ರತಿಗಳು ಮತ್ತೆ ದೊರೆತವು. ಅದು ಕಲಾಕೃತಿಯ ಪ್ರಸಂಗವಲ್ಲ, ನಿಜ. ಆದರೆ ಅದರ ಪಾಠ ಕಲಾಸಂಗ್ರಹಕ್ಕೂ ಸಲ್ಲುತ್ತದೆ: ನುಡಿದವರಿಗೆ ತಮ್ಮ ನುಡಿಯ ಮೇಲೆ ಹಕ್ಕಿಲ್ಲದಿದ್ದರೆ, ದಾಖಲೆಯೂ ಇನ್ನೊಂದು ಅನ್ಯಾಯವಾಗಬಲ್ಲದು.

ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅನುದಾನದ ಜೊತೆಗೆ ದಾಖಲೆ ಭಂಡಾರವನ್ನೂ ಕಟ್ಟಿದೆ. ಅನುದಾನ ಪಡೆದವರ ಧ್ವನಿ, ಚಿತ್ರ, ಬರಹಗಳು ಅಲ್ಲಿ ಆಸಕ್ತರಿಗೆ ದೊರೆಯುತ್ತವೆ. ಇದು ಮುಖ್ಯ ಹೆಜ್ಜೆ. ಮುಂದಿನ ಹೆಜ್ಜೆಯನ್ನು ಎಲ್ಲ ಪ್ರತಿಷ್ಠಾನಗಳೂ ಇಡಬೇಕಾಗಿದೆ: ಕೃತಿಯ ಒಂದು ಪ್ರತಿ ಅದು ಹುಟ್ಟಿದ ಊರಿಗೆ ಮರಳಬೇಕು. ಪಾಲ್ಗೊಂಡವರು ಒಪ್ಪಿದರೆ ಅವರ ಹೆಸರು ದಾಖಲೆಯಲ್ಲಿರಬೇಕು. ಒಪ್ಪಿಗೆಯನ್ನು ಹಿಂಪಡೆಯುವ ದಾರಿಯೂ ಕರಾರಿನಲ್ಲಿರಬೇಕು.

ತಾಯ್ನಾಡಿನ ಕಲೆಗೆ ದೇಣಿಗೆ ಕಳುಹಿಸುವ ಹೊರನಾಡ ಕನ್ನಡ ಸಂಘಗಳೂ ಚಿಕ್ಕ ಪ್ರಮಾಣದ ಪ್ರತಿಷ್ಠಾನಗಳೇ. ಹಣದೊಡನೆ ಸ್ಮರಣಫಲಕವನ್ನು ಬಯಸುವ ಮೊದಲು ಈ ಮೂರು ಷರತ್ತುಗಳನ್ನು ಅವು ಬಯಸಲಿ. ಅದಕ್ಕೆ ದೊಡ್ಡ ನಿಧಿ ಬೇಕಿಲ್ಲ, ಮುಂದಿನ ದೇಣಿಗೆಯ ಪತ್ರದಲ್ಲಿ ಮೂರು ಸಾಲು ಸಾಕು.