ತಬರಶೆಟ್ಟಿಯ ರಸೀದಿಗಳು



ಕುಂದೂರು, ಆಲೂರು, ಸಕಲೇಶಪುರದ ಕಾಫಿ ಸೀಮೆಯವರು ನಮ್ಮದೆಂದು ಹೇಳಿಕೊಳ್ಳಬೇಕಾದ ಸಿನಿಮಾ ‘ತಬರನ ಕಥೆ’. ಕಥೆ, ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರದು. ನಿರ್ದೇಶನ ಗಿರೀಶ ಕಾಸರವಳ್ಳಿಯವರದು. 1986ನೇ ಸಾಲಿನ ಸ್ವರ್ಣಕಮಲ ಇದಕ್ಕೇ ಬಂತು.

ತಬರಶೆಟ್ಟಿ ಕೆಳದರ್ಜೆಯ ಸರ್ಕಾರಿ ನೌಕರ. ಕಾಫಿ ತೆರಿಗೆ ವಸೂಲಿಗೆ ಹೋದವನು ರಸೀದಿ ಹರಿದುಕೊಟ್ಟ, ದುಡ್ಡು ಮಾತ್ರ ಕೈಸೇರಲಿಲ್ಲ. ನಿವೃತ್ತಿಯಾದ ಮೇಲೆ ಆ ಬಾಕಿಯೇ ಪಿಂಚಣಿಗೆ ಅಡ್ಡ. ಇತ್ತ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ. ಆಸ್ಪತ್ರೆಗೆ ದುಡ್ಡಿಲ್ಲ. ಕೊನೆಗೆ ಅವನು ಕಟುಕನ ಹತ್ತಿರ ಹೋಗಿ, ಅವಳ ಕಾಲು ಕತ್ತರಿಸಿಕೊಡು ಎಂದು ಕೇಳುತ್ತಾನೆ. ಕನ್ನಡ ಸಿನಿಮಾದಲ್ಲಿ ಇಷ್ಟು ಕರುಳು ಹಿಂಡುವ ಬೇಡಿಕೆ ಇನ್ನೊಂದಿಲ್ಲ. ತಬರನಾದ ಚಾರುಹಾಸನ್ ತಮಿಳರು, ವಕೀಲರಾಗಿದ್ದವರು. ಸರ್ಕಾರವನ್ನು ದೇವರಂತೆ ನಂಬಿದ ಮುದುಕನ ಬಗ್ಗಿದ ಬೆನ್ನನ್ನು ಅವರು ಮೈಗೆ ಇಳಿಸಿಕೊಂಡ ಬಗೆಗೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು.

ತಬರನ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಚಿತ್ರವಿದೆ. ಅದೇ ಕಾಲದಲ್ಲಿ, 1985ರಲ್ಲಿ, ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯಾದಲ್ಲಿ ಯಿರ್ಜಿ ಮೆಂಜೆಲ್ ಒಂದು ಹಳ್ಳಿಯ ಸಿನಿಮಾ ಮಾಡಿದರು. ಅವರ ಹಿಂದಿನ ಒಂದು ಚಿತ್ರವನ್ನು ಸರ್ಕಾರ 1969ರಿಂದ 1990ರವರೆಗೆ ತಡೆದಿಟ್ಟಿತ್ತು. ಈ ಹೊಸ ಚಿತ್ರದ ನಾಯಕ ಓಟಿಕ್, ಬುದ್ಧಿ ಕೊಂಚ ಮಂದವಾದ ಹುಡುಗ, ಸಹಕಾರಿ ಕೃಷಿ ಸಂಘದ ಲಾರಿಯಲ್ಲಿ ಸಹಾಯಕ. ಬೆಳಿಗ್ಗೆ ಬೆಳಿಗ್ಗೆ ದಪ್ಪ ಚಾಲಕನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಈ ಸಣಕಲ ಹುಡುಗ ಕೆಲಸಕ್ಕೆ ಹೊರಡುವುದನ್ನು ನೋಡಿದರೆ ನಗು ತಾನಾಗಿ ಬರುತ್ತದೆ. ಅವನ ಮನೆಯ ಮೇಲೆ ಪ್ರಾಗ್‌ನ ಅಧಿಕಾರಿಯೊಬ್ಬನ ಕಣ್ಣು. ಓಟಿಕ್‌ನನ್ನು ಪಟ್ಟಣಕ್ಕೆ ಸಾಗಹಾಕುತ್ತಾರೆ. ಅದೇ ಚಾಲಕ ಹೋಗಿ ಅವನನ್ನು ಊರಿಗೆ ವಾಪಸು ಕರೆತರುತ್ತಾನೆ.

ತಬರನನ್ನು ಕರೆತರಲು ಯಾರೂ ಹೋಗಲಿಲ್ಲ. ಅದಕ್ಕೇ ನನಗೆ ಕಾಸರವಳ್ಳಿಯವರ ಚಿತ್ರ ಹೆಚ್ಚು ದೊಡ್ಡದು. ಮೆಂಜೆಲ್‌ಗೆ ಊರಿನ ಮೇಲೆ ಭರವಸೆಯಿತ್ತು. ಕಾಸರವಳ್ಳಿಯವರಲ್ಲಿ ಊರೂ ಆರೋಪಿ. ಫೈಲು ನೂಕದ ಗುಮಾಸ್ತರನ್ನು ಬೈದು ಏಳುವುದು ಸುಲಭ. ಆದರೆ ದುಡ್ಡು ಕೊಡದೆ ರಸೀದಿ ಇಟ್ಟುಕೊಂಡವರು ತೋಟದವರಲ್ಲವೇ? ಆ ದಿನಗಳಲ್ಲಿ ಬೆಳೆಗಾರರೂ ಬೆಳೆಯನ್ನು ಕಾಫಿ ಬೋರ್ಡಿನ ಸಾಮೂಹಿಕ ಸಂಗ್ರಹಕ್ಕೆ, ಅಂದರೆ ಪೂಲ್‌ಗೆ ಹಾಕಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದವರೇ. ಕಾಯುವ ಕಷ್ಟ ಗೊತ್ತಿದ್ದವರು ಇನ್ನೊಬ್ಬನನ್ನು ಕಾಯಿಸಿದರು.

ಕುಂದೂರಿನ ಗೆಳೆಯರಲ್ಲಿ ಒಂದು ಕೋರಿಕೆ. ಕೊಯ್ಲು ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ‘ತಬರನ ಕಥೆ’ ತೋರಿಸಿ. ತೋಟದ ಯಜಮಾನರನ್ನೂ ಆಳುಗಳನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ.